ಅಲ್ ಬರ್ಷಾದಲ್ಲಿ ಒಬ್ಬ ಕಾಂಗ್ರೆಸ್‌ಮನ್

ಹೋದ ತಿಂಗಳು ಕಿನ್ನಿಗೋಳಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ ಕೆಮ್ಮಿಗೆಂದು ನೀಲಗಿರಿ ಎಣ್ಣೆಯ ಪೆಪ್ಪರಮಿಂಟ್ ಒಂದನ್ನು ಬಾಯಿಗೆ ಹಾಕಿಕೊಂಡರು. ಆ ಘಾಟು ಮೂಗಿಗೆ ತಾಗಿದ್ದೇ ತಡ, ನನ್ನ ಕೈ ತಾನಾಗಿ ಬ್ಯಾಗಿನೊಳಗೆ ಹೋಗಿ ತಡಕಾಡತೊಡಗಿತು. ಏನನ್ನು ಹುಡುಕುತ್ತಿದ್ದೇನೆಂದು ನನಗೇ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ವೀಸಾದ ಜೆರಾಕ್ಸ್ ಪ್ರತಿ. ದುಬೈ ಬಿಟ್ಟು ಊರಿಗೆ ಬಂದು ಎಷ್ಟೋ ವರ್ಷವಾಯಿತು. ಮೂಲ್ಕಿಗೂ ಕಿನ್ನಿಗೋಳಿಗೂ ನಡುವೆ ನನ್ನನ್ನು ತಡೆದು ಕಾಗದ ಕೇಳುವವರು ಯಾರೂ ಇಲ್ಲ. ಆದರೂ ಬಸ್ಸಿಳಿಯುವ ತನಕ ಕೈ ಬ್ಯಾಗಿನೊಳಗೇ ಇತ್ತು.

ಅದು ಮಿಸ್ಟರ್ ಹಾರ್ಗ್ರೋವ್ ಅವರ ವಾಸನೆ. ವೆಂಡೆಲ್ ಹಾರ್ಗ್ರೋವ್ ಅಮೆರಿಕದ ಒಬ್ಬ ಹಳೆಯ ರಾಜಕಾರಣಿ. ಒಂದು ಬೇಸಿಗೆಯಲ್ಲಿ ಕೆಲವು ವಾರ ನಾನು ಅವರ ಎದುರು ಕುಳಿತು ಅವರ ಬದುಕನ್ನು ಬರೆದುಕೊಂಡೆ. ಅಷ್ಟು ಹೆದರಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ರಮ್ಜಾನ್ ತಿಂಗಳು ಜುಲೈಯ ಉರಿಯಲ್ಲಿ ಬಂದಿದ್ದ ವರ್ಷ ಅದು. ನನ್ನ ಗಂಡ ವಲೇರಿಯನ್ ದುಬೈಯಿಂದ ದೂರದ ರುವೈಸ್‌ನ ರಿಫೈನರಿಯಲ್ಲಿ ಟೆಕ್ನಿಶಿಯನ್. ಅವರ ದರ್ಜೆಯವರಿಗೆ ಅಲ್ಲಿ ಸಂಸಾರದ ಮನೆ ಸಿಗುತ್ತಿರಲಿಲ್ಲ. ಹಾಗಾಗಿ ನಾನೂ ಮಗಳು ಶರಲ್‌ಳೂ ದುಬೈಯ ಕರಾಮಾದಲ್ಲಿ ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದೆವು. ವಲೇರಿಯನ್ ಎರಡು ವಾರಕ್ಕೊಮ್ಮೆ ಗುರುವಾರ ಬಂದು ಶನಿವಾರ ಬೆಳಿಗ್ಗೆ ಹೋಗುತ್ತಿದ್ದರು. ಆ ಬೇಸಿಗೆ ರಜೆಗೆ ಶರಲ್‌ಳನ್ನು ನನ್ನ ತಂಗಿಯ ಜೊತೆ ಊರಿಗೆ ಕಳಿಸಿದ್ದೆ. ಪಾಲಿನ ಸಂಸಾರವೂ ಊರಿಗೆ ಹೋಗಿತ್ತು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ ಕಟ್ಟುವ ಸೆಕೆ. ಒಳಗೆ ಎಸಿಯ ಗುಂಯ್‌ಗುಡುವ ಸದ್ದು ಬಿಟ್ಟರೆ ಮಾತಾಡಲು ಜನವಿಲ್ಲ.

ಮದುವೆಗೆ ಮುಂಚೆ ನಾನು ಮಂಗಳೂರಿನ ಒಬ್ಬ ವಕೀಲರ ಕಚೇರಿಯಲ್ಲಿ ಎಂಟು ವರ್ಷ ಸ್ಟೆನೊ ಆಗಿದ್ದವಳು. ಶಾರ್ಟ್‌ಹ್ಯಾಂಡ್‌ನಲ್ಲಿ ನನ್ನ ಕೈ ಮಾತಿಗಿಂತ ಹಿಂದೆ ಬಿದ್ದದ್ದೇ ಇಲ್ಲ. ದುಬೈಗೆ ಬಂದಮೇಲೆ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲಿ ‘ಗೃಹಿಣಿ’ ಎಂದು ಬಂತು. ಕೆಳಗೇ ಇನ್ನೊಂದು ಸಾಲು: ‘ಕೆಲಸ ಮಾಡಲು ಅನುಮತಿಯಿಲ್ಲ.’ ಗಂಡನ ವೀಸಾದಲ್ಲಿ ಬಂದ ಎಲ್ಲ ಹೆಂಗಸರ ಪಾಸ್‌ಪೋರ್ಟಿನಲ್ಲೂ ಆ ಸಾಲು ಇರುತ್ತಿತ್ತು. ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡಿಪಾರು. ನನ್ನನ್ನು ಕರೆಸಿಕೊಂಡ ಗಂಡನ ಕೆಲಸಕ್ಕೂ ಕುತ್ತು.

ಇಷ್ಟು ಗೊತ್ತಿದ್ದೂ ನಾನು ಹೋದೆ. ಮನೆಯಲ್ಲಿ ಅನ್ನಕ್ಕೆ ತತ್ವಾರವೇನೂ ಇರಲಿಲ್ಲ. ಕೈಯಲ್ಲಿ ಪೆನ್ಸಿಲ್ ಹಿಡಿಯದೆ ಹತ್ತು ವರ್ಷವಾಗಿತ್ತು, ಅಷ್ಟೇ.

ಕೆಲಸದ ಸುದ್ದಿ ತಂದವರು ಸುಮಿತ್ರಕ್ಕ. ಉಡುಪಿಯವರು, ಒಂದು ಆಫೀಸಿನಲ್ಲಿ ರಿಸೆಪ್ಶನಿಸ್ಟ್. ಅಲ್ ಬರ್ಷಾದಲ್ಲಿ ಒಬ್ಬ ಅಮೆರಿಕದ ಅಜ್ಜ ಇದ್ದಾರೆ, ಜೀವನಚರಿತ್ರೆ ಬರೆಯಬೇಕಂತೆ, ಯಂತ್ರದ ಮುಂದೆ ಮಾತಾಡಲು ಬರುವುದಿಲ್ಲವಂತೆ, ಎದುರು ಮನುಷ್ಯರೇ ಬೇಕಂತೆ ಎಂದರು. ದೊಡ್ಡ ಮನುಷ್ಯರು, ಕಾಂಗ್ರೆಸ್‌ನವರು ಎಂದೂ ಸೇರಿಸಿದರು. ನಾನು ಅದನ್ನು ನಮ್ಮೂರಿನ ಲೆಕ್ಕದಲ್ಲೇ ಹಿಡಿದಿದ್ದೆ. ಅದು ಅವರ ದೇಶದ ಪಾರ್ಲಿಮೆಂಟಿನ ಹೆಸರು, ಇವರು ಇದ್ದದ್ದು ಸಂಪ್ರದಾಯವಾದಿಗಳ ಪಕ್ಷದಲ್ಲಿ ಎಂದು ಆಮೇಲೆ ತಿಳಿಯಿತು. ಪರ್ಮಿಟ್ ಇಲ್ಲವಲ್ಲ ಎಂದು ನಾನು ಹಿಂದೆಮುಂದೆ ನೋಡಿದಾಗ ಸುಮಿತ್ರಕ್ಕ ಕೈ ಬೀಸಿದರು.

“ಮನೆ ಒಳಗೆ ಕೂತು ಬರಿಯುದನ್ನು ಯಾರು ಬಂದು ನೋಡ್ತಾರೆ ಮಾರಾಯ್ತಿ? ಎರಡು ತಿಂಗಳ ವಿಷಯ.”

ಮಿಸ್ಟರ್ ಹಾರ್ಗ್ರೋವ್ ಅವರ ಮಗಳು ಬೆತ್ ಒಂದು ಹೋಟೆಲ್ ಕಂಪೆನಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ಮಗಳ ಜೊತೆ ಇರಲು ಬಂದಿದ್ದರು. ಬೆತ್ ಮಕ್ಕಳನ್ನು ಕರೆದುಕೊಂಡು ರಜೆಗೆ ಅಮೆರಿಕಕ್ಕೆ ಹೊರಟಿದ್ದರು; ತಂದೆಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಕೆಲವು ವಾರ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ನನ್ನನ್ನು ಒಂದು ಸಲ ನೋಡಿ, ಒಂದು ಸಾಲು ಬರೆಸಿ, ಫ್ರಿಜ್ಜಿನಲ್ಲಿ ಏನೇನಿದೆ ಎಂದು ತೋರಿಸಿ ಹೊರಟರು. ಪರ್ಮಿಟ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊದಲ ದಿನದಿಂದಲೇ ಹೆದರಿಕೆ ಶುರುವಾಯಿತು. ಕಟ್ಟಡದ ಬಾಗಿಲಲ್ಲಿ ವಾಚ್‌ಮನ್ ಬಳಿ ಒಂದು ರಿಜಿಸ್ಟರ್ ಇತ್ತು. ಹೆಸರು, ಫ್ಲ್ಯಾಟ್ ನಂಬರು, ಬಂದ ಕಾರಣ. ಕಾರಣದ ಜಾಗದಲ್ಲಿ ‘ಭೇಟಿ’ ಎಂದು ಬರೆದೆ. ಎರಡನೇ ದಿನವೂ ಭೇಟಿ. ವಾರ ಕಳೆಯುವಷ್ಟರಲ್ಲಿ ಒಬ್ಬಳೇ ಹೆಂಗಸು ಒಬ್ಬರೇ ಇರುವ ಗಂಡಸಿನ ಮನೆಗೆ ದಿನಾ ‘ಭೇಟಿ’ಗೆ ಬರುವುದು ಆ ಪುಟದಲ್ಲಿ ಎದ್ದು ಕಾಣುತ್ತಿತ್ತು. ಮೆಟ್ರೋದಲ್ಲಿ ಕೈಯಲ್ಲಿ ಫೈಲು ಹಿಡಿದ ಗಂಡಸರು ಹತ್ತಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಬೋಗಿಗೆ ಹೋಗುತ್ತಿದ್ದೆ. ನೋಟ್‌ಬುಕ್ಕನ್ನು ತರಕಾರಿ ಚೀಲದಲ್ಲಿ ಮೆಂತೆಸೊಪ್ಪಿನ ಅಡಿಯಲ್ಲಿ ಇಡುತ್ತಿದ್ದೆ.

ಮೇಲೆ ಹೋಗಿ ಅವರ ಎದುರು ಕುಳಿತರೆ ಮಾತ್ರ ಎಲ್ಲ ಮರೆಯುತ್ತಿತ್ತು. ಅವರು ಎಪ್ಪತ್ತೆಂಟು ವರ್ಷದ ಎತ್ತರದ ಆಳು. ಮನೆಯೊಳಗೂ ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಯಾವಾಗಲೂ ನೀಲಗಿರಿಯ ಪೆಪ್ಪರಮಿಂಟ್. ಕಾಫಿ ಕುಡಿಯುವ ಮೊದಲು ಕಣ್ಣುಮುಚ್ಚಿ ಪ್ರಾರ್ಥನೆ. ನಾನು ಕ್ರಿಶ್ಚಿಯನ್ ಎಂದು ತಿಳಿದಾಗ ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಕ್ಯಾಥೋಲಿಕ್ ಎಂಬುದನ್ನು ಮನ್ನಿಸಿಬಿಟ್ಟರು.

ಜೋಳ ಬೆಳೆಯುವ ಒಂದು ರಾಜ್ಯದ ಸಣ್ಣ ಊರು ಅವರದು. ತಂದೆ ಧಾನ್ಯದ ಗೋದಾಮಿನಲ್ಲಿ ತೂಕ ಮಾಡುವವರು. ಹತ್ತೊಂಬತ್ತನೇ ವಯಸ್ಸಿಗೆ ಮಗ ಬೆಳೆ ವಿಮೆಯ ಏಜೆಂಟನಾದ. ಆಲಿಕಲ್ಲು ಬಿದ್ದ ಹೊಲಗಳಲ್ಲಿ ನಡೆದು ಮುರಿದ ದಂಟುಗಳನ್ನು ಎಣಿಸುವುದು ಅವನ ಕೆಲಸ. ನೆರೆಯವನೇ ಆಗಲಿ, ಬಂಧುವೇ ಆಗಲಿ, ಮುರಿಯದ ದಂಟನ್ನು ಮುರಿದದ್ದೆಂದು ಬರೆಯಲಿಲ್ಲವಂತೆ. ಆ ಹೆಸರಿನಿಂದಲೇ ಜನ ಅವರನ್ನು ಜಿಲ್ಲೆಯ ಖಜಾಂಚಿಯನ್ನಾಗಿ ಆರಿಸಿದರು, ಆಮೇಲೆ ರಾಜ್ಯದ ಶಾಸನಸಭೆಗೆ, ಆಮೇಲೆ ಮೂರು ಸಲ ಕಾಂಗ್ರೆಸ್ಸಿಗೆ. ಒಂದೇ ಒಂದು ಸಲ ಬಿಟ್ಟರೆ ತೆರಿಗೆ ಏರಿಸುವ ಮಸೂದೆಗೆ ಅವರು ಕೈ ಎತ್ತಿದವರಲ್ಲ. ಶಾಲೆಯಲ್ಲಿ ಪ್ರಾರ್ಥನೆ ಬೇಕು, ಗರ್ಭಪಾತ ಕೂಡದು, ಮನೆಯಲ್ಲಿ ಬಂದೂಕು ಇರಬೇಕು, ಸರಕಾರ ಬಡವನ ಕಿಸೆಗೂ ಕೈಹಾಕಬಾರದು, ಸಾಹುಕಾರನ ಕಿಸೆಗೂ ಕೈಹಾಕಬಾರದು. ಅರ್ಧ ಮಾತಿಗೆ ನಾನು ಮನಸ್ಸಿನಲ್ಲೇ ಆಮೆನ್ ಅನ್ನುತ್ತಿದ್ದೆ. ಉಳಿದರ್ಧವನ್ನು ಬರೆದುಕೊಳ್ಳುತ್ತಿದ್ದೆ.

ಕೊನೆಗೆ ಅವರನ್ನು ಸೋಲಿಸಿದ್ದು ಅವರ ಪಕ್ಷದವರೇ. ನೆರೆ ಬಂದು ನದಿಯ ಏರಿ ಒಡೆದ ವರ್ಷ ಅದನ್ನು ಕಟ್ಟಿಸಲು ಸಣ್ಣದೊಂದು ತೆರಿಗೆಗೆ ಅವರು ಒಪ್ಪಿದರು. ಮುಂದಿನ ಸಲ ಟಿಕೆಟ್ಟಿಗೆ ಎದುರು ನಿಂತ ಒಬ್ಬ ಹುರುಪಿನ ವಕೀಲ ‘ಹಾರ್ಗ್ರೋವ್ ಮೆತ್ತಗಾದರು’ ಎಂದು ಊರೆಲ್ಲ ಪೋಸ್ಟರ್ ಅಂಟಿಸಿ ಗೆದ್ದ. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡದೆ ಕಿಟಕಿಯಾಚೆ ದೂಳಿನಲ್ಲಿ ಮಸುಕಾದ ಕಟ್ಟಡಗಳನ್ನು ನೋಡುತ್ತಿದ್ದರು. ಅವರ ಬಗ್ಗೆ ನನಗೆ ಅಕ್ಕರೆ ಹುಟ್ಟಿದ್ದು ಆ ದಿನ.

ಮೂರನೇ ವಾರ ಅವರು ತಮ್ಮ ದೊಡ್ಡ ಸಾಧನೆಯ ಅಧ್ಯಾಯಕ್ಕೆ ಬಂದರು. ಶಾಸನಸಭೆಯಲ್ಲಿದ್ದಾಗ ಅವರೇ ಕೂತು ಬರೆದ ಕಾನೂನು. ಅದರಲ್ಲಿ ಮೂರು ಕಲಮುಗಳು. ಕಾಗದಪತ್ರವಿಲ್ಲದೆ ಕೆಲಸ ಮಾಡುವ ಪರದೇಶದವರು ಅಪರಾಧಿಗಳು. ಅವರಿಗೆ ಕೆಲಸ ಕೊಟ್ಟವರು ಅಪರಾಧಿಗಳು. ಗೊತ್ತಿದ್ದೂ ಹೇಳದೆ ಇದ್ದವರೂ ಅಪರಾಧಿಗಳು. ಮೂರನೆಯದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ ಎಂದರು. ಕಾನೂನು ಜಾರಿಯಾದ ವರ್ಷ ಅವರದೇ ಕ್ಷೇತ್ರದ ಒಂದು ಕೋಳಿಮಾಂಸದ ಕಾರ್ಖಾನೆಯ ಮೇಲೆ ದಾಳಿಯಾಯಿತು. ಕೆಲಸದವರನ್ನು ಬಸ್ಸುಗಳಲ್ಲಿ ತುಂಬಿಸಿ ಕರೆದೊಯ್ದರು. ಒಬ್ಬ ಹೆಂಗಸು ಮಾಂಸ ಇಡುವ ಶೀತಲ ಕೋಣೆಯಲ್ಲಿ ಹೋಗಿ ಅಡಗಿದ್ದಳು, ಆಕೆಯನ್ನು ಹೊರಗೆ ತರುವಾಗ ನಡೆಯಲಾಗುತ್ತಿರಲಿಲ್ಲ.

ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಅವರು ಮುಂದಿನ ಚುನಾವಣೆಗೆ ಹೋದರು. ನನ್ನ ಪೆನ್ಸಿಲು ನಿಂತಿತ್ತು. ಆಕೆಗೆ ಆಮೇಲೆ ಏನಾಯಿತು ಎಂದು ಕೇಳಿದೆ. ಬರೆಯುವವಳು ಪ್ರಶ್ನೆ ಕೇಳಬಾರದು, ಆದರೆ ಬಾಯಿ ತಪ್ಪಿ ಬಂತು.

“ತಿಳಿಯದು, ಮಿಸೆಸ್ ಲೋಬೋ,” ಎಂದರು. “ವಾಪಸು ಕಳಿಸಿರಬೇಕು.”

ಅವತ್ತು ಮನೆಗೆ ಬಂದು ಚಪ್ಪಲಿ ಬಿಡದೆ ಮಂಚದ ಮೇಲೆ ಕೂತೆ. ನನ್ನ ಎದುರಿನವರು ಎಂಥವರೆಂದು ಅಲ್ಲಿಯತನಕ ನನಗೆ ಅರ್ಥವಾಗಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ಒಂದು ಉಪಾಯ ಇತ್ತು. ಅವರು ಪ್ರಾಮಾಣಿಕರು. ನನ್ನ ವಿಷಯ ಗೊತ್ತಾದರೆ ಅವರು ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಇನ್ನೊಂದು ವಾರ ಹೋಗಿ, ಏನಾದರೂ ನೆಪ ಹೇಳಿ ಬಿಟ್ಟುಬಿಡುವುದೆಂದು ನಿಶ್ಚಯಿಸಿದೆ.

ಆ ಒಂದು ವಾರ ಮುಗಿಯಲಿಲ್ಲ. ಸೋಮವಾರ ಹನ್ನೊಂದು ಗಂಟೆಯ ಸುಮಾರಿಗೆ ಹೊರಗಿನ ಕಾರಿಡಾರಿನಲ್ಲಿ ಬೂಟುಗಳ ಸದ್ದು, ವೈರ್‌ಲೆಸ್ಸಿನ ಕರಕರ ಕೇಳಿಸಿತು. ಪಕ್ಕದ ಫ್ಲ್ಯಾಟಿನ ಬಾಗಿಲು ಬಡಿದರು. ಒಬ್ಬ ಹೆಂಗಸು ಅಳುತ್ತಾ ಏನೋ ಹೇಳುತ್ತಿದ್ದಳು. ಆಮೇಲೆ ನಮ್ಮ ಕರೆಗಂಟೆ ಬಾರಿಸಿದರು. ನಾನು ಹೇಗೆ ಎದ್ದೆ, ಹೇಗೆ ಓಡಿದೆ ನೆನಪಿಲ್ಲ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಮಷಿನ್ ಇಟ್ಟಿದ್ದ ಸಣ್ಣ ಗೂಡಿತ್ತು. ಅದರೊಳಗೆ ನುಗ್ಗಿ ಬಾಗಿಲೆಳೆದುಕೊಂಡು ಬಾಯಿಗೆ ಸೆರಗು ಒತ್ತಿ ನಿಂತೆ. ಮಿಸ್ಟರ್ ಹಾರ್ಗ್ರೋವ್ ನಿಧಾನವಾಗಿ ಹೋಗಿ ಬಾಗಿಲು ತೆರೆದದ್ದು, ಯಾರೋ ಅವರನ್ನು ಮರ್ಯಾದೆಯಿಂದ ಏನೋ ಕೇಳಿದ್ದು, ಇವರು ತಮಗೇನೂ ಗೊತ್ತಿಲ್ಲ ಎಂದದ್ದು ಕೇಳಿಸಿತು. ಪಕ್ಕದ ಮನೆಯ ಕೆಲಸದವಳ ಬಗ್ಗೆ ವಿಚಾರಿಸಲು ಬಂದಿದ್ದರು, ಅಷ್ಟೇ. ಅವಳ ವೀಸಾ ಬೇರೆ ಯಾರದೋ ಹೆಸರಲ್ಲಿತ್ತಂತೆ. ಲಿಫ್ಟಿನ ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಗೂಡಿನ ಬಾಗಿಲು ತೆರೆದರು. ನಾನು ಮಷಿನ್ನಿಗೆ ಒರಗಿ ನಿಂತಿದ್ದೆ. ನನ್ನಿಂದ ಹೊರಗೆ ಬರಲಾಗಲಿಲ್ಲ.

“ನೀವು ಏಕೆ ಅಡಗಿದಿರಿ, ಮಿಸೆಸ್ ಲೋಬೋ?”

ಸುಳ್ಳು ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ. ನನಗೆ ಪರ್ಮಿಟ್ ಇಲ್ಲ, ನಾನು ಗಂಡನ ವೀಸಾದಲ್ಲಿದ್ದೇನೆ ಎಂದುಬಿಟ್ಟೆ.

ಅವರು ಬೈಯಲಿಲ್ಲ. ಕುರ್ಚಿ ಎಳೆದು ನನ್ನನ್ನು ಕೂರಿಸಿ ನೀರು ಕೊಟ್ಟರು. ತಾವು ನಿಂತೇ ಇದ್ದರು. ಇದು ತಮಗೆ ಗೊತ್ತಾಗದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದರು. ಯೋಚಿಸಬೇಕು, ಪ್ರಾರ್ಥಿಸಬೇಕು, ನೀವು ಮನೆಗೆ ಹೋಗಿ ಎಂದರು. ನೋಟ್‌ಬುಕ್ಕುಗಳನ್ನು ತಮ್ಮಲ್ಲೇ ಇಟ್ಟುಕೊಂಡರು. ಲಿಫ್ಟಿನಲ್ಲಿ ಇಳಿಯುವಾಗ ಅವುಗಳಲ್ಲಿ ಪುಟಪುಟದಲ್ಲೂ ನನ್ನ ಕೈಬರಹವಿದೆ ಎಂಬುದು ಹೊಳೆಯಿತು.

ಮೂರು ದಿನ ನಾನು ಕೋಣೆಯಿಂದ ಹೊರಬೀಳಲಿಲ್ಲ. ಫೋನಿನಲ್ಲಿ ವಿಷಯ ಕೇಳಿ ಸುಮಿತ್ರಕ್ಕ, “ನೀನಾಗಿಯೇ ಹೇಳಿದ್ದಾ? ನಿನಗೆಂತ ಮರ್ಲಾ, ಹುಚ್ಚಾ?” ಎಂದು ರೇಗಿದರು. ಆಮೇಲೆ ಧ್ವನಿ ತಗ್ಗಿಸಿ, ತನ್ನ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಳ್ಳಲು ಹೇಳಿದರು. ಅದರ ಮೇಲೆ ಅವರ ಫೋನೂ ಬರಲಿಲ್ಲ. ವಲೇರಿಯನ್‌ಗೆ ನಾನು ಮೊದಲೇ ಪೂರ್ತಿ ಹೇಳಿರಲಿಲ್ಲ. ಅಜ್ಜನೊಬ್ಬರಿಗೆ ಓದಿ ಹೇಳಲು ಹೋಗುತ್ತೇನೆ ಎಂದಷ್ಟೇ ಹೇಳಿದ್ದೆ. ಸಂಜೆ ಅವರು ಫೋನ್ ಮಾಡಿದಾಗ ಶರಲ್ ಅಜ್ಜಿಯ ಮನೆಯಲ್ಲಿ ಈಜು ಕಲಿಯುತ್ತಿದ್ದಾಳಂತೆ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊರಗಿನ ಕಾರಿಡಾರಿನಲ್ಲಿ ಹೆಜ್ಜೆ ಕೇಳಿದರೆ ಫೋನನ್ನು ದಿಂಬಿನಡಿ ತುರುಕುತ್ತಿದ್ದೆ. ಒಂದು ಸೂಟ್‌ಕೇಸಿನಲ್ಲಿ ಮಗಳ ಶಾಲೆಯ ಪ್ರಮಾಣಪತ್ರಗಳನ್ನು, ಮದುವೆಯ ಫೋಟೊ ಒಂದನ್ನು, ನಾಲ್ಕು ಜೊತೆ ಬಟ್ಟೆಯನ್ನು ಹಾಕಿ ಬಾಗಿಲ ಪಕ್ಕ ಇಟ್ಟೆ. ಹಾಗೆ ಸಿಕ್ಕಿಬಿದ್ದವರಿಗೆ ಬಟ್ಟೆ ತೆಗೆದುಕೊಳ್ಳಲೂ ಬಿಡುವುದಿಲ್ಲವೆಂದು ಯಾರೋ ಹೇಳಿದ್ದರು.

ನಾಲ್ಕನೇ ದಿನ, ಗುರುವಾರ, ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದೆ.

“ಐವಿ ಬಾಯಿ ಅಲ್ವಾ? ನಾನು ಹಮೀದ್, ಉಪ್ಪಳದವ. ಬೆತ್ ಮೇಡಂ ಕಂಪೆನಿಯ ಪಿಆರ್‌ಒ. ಹೆದರ್ಬೇಡಿ.”

ಪಿಆರ್‌ಒ ಎಂದರೆ ಕಂಪೆನಿಯವರ ವೀಸಾ, ಕಾಗದಪತ್ರಗಳಿಗಾಗಿ ಸರಕಾರಿ ಕಚೇರಿಗಳಿಗೆ ಓಡಾಡುವ ಮನುಷ್ಯ. ಹಮೀದ್ ಹೇಳಿದ್ದನ್ನು ಕೇಳುತ್ತಾ ನಾನು ಗೋಡೆ ಹಿಡಿದು ಕೂತೆ. ಮಿಸ್ಟರ್ ಹಾರ್ಗ್ರೋವ್ ಹಮೀದರಿಗೆ ಫೋನ್ ಮಾಡಿದ್ದರಂತೆ. ನನ್ನ ಹೆಸರು, ಗಂಡನ ಹೆಸರು, ಫೋನ್ ನಂಬರು ಎಲ್ಲ ಕೊಟ್ಟು, ಈ ದೇಶದ ಕಾನೂನು ಏನು, ಯಾರಿಗೆ ತಿಳಿಸಬೇಕು ಎಂದು ವಿಚಾರಿಸಿದರಂತೆ.

“ನನಗೆ ಕಿವಿ ಕೇಳುದಿಲ್ಲ ಅಂತ ಇಟ್ಕೊಳ್ಳಿ,” ಎಂದರು ಹಮೀದ್. “ಆದ್ರೆ ಅವರು ಇನ್ನೊಬ್ಬನ ಹತ್ರ ಕೇಳಿದ್ರೆ ಖಲಾಸ್. ಇನ್ನೊಂದು ವಿಷಯ ಉಂಟು ಬಾಯಿ. ಕಾನೂನು ಕೇಳುವ ಆ ಅಜ್ಜನದ್ದೇ ವೀಸಾ ಮುಗ್ದು ಹೋಗಿ ತಿಂಗಳು ದಾಟಿದೆ.”

ಅಮೆರಿಕದವರು ವಿಮಾನ ಇಳಿದಾಗ ಮೂವತ್ತು ದಿನದ ಮುದ್ರೆ ಒತ್ತುತ್ತಿದ್ದರು. ಅದು ಮುಗಿಯುವ ಮೊದಲು ಬೆತ್ ತಂದೆಯನ್ನು ಕಾರಿನಲ್ಲಿ ಹತ್ತಾ ಎಂಬಲ್ಲಿನ ಗಡಿಗೆ ಕರೆದೊಯ್ದು, ಪಕ್ಕದ ದೇಶಕ್ಕೆ ಹೋಗಿ ಹೊಸ ಮುದ್ರೆ ಹಾಕಿಸಿ ಒಳಗೆ ಬರುತ್ತಿದ್ದರು. ಈ ಸಲ ಕಾಲುನೋವು, ಡಾಕ್ಟರು, ಮಕ್ಕಳ ರಜೆ. ಹಮೀದ್ ವೀಸಾ ವಿಸ್ತರಿಸಿದ್ದಾರೆಂದು ಬೆತ್ ತಿಳಿದಿದ್ದರು. ಬೆತ್ ಗಡಿಗೆ ಕರೆದೊಯ್ದಿದ್ದಾರೆಂದು ಊರಿಗೆ ರಜೆಯಲ್ಲಿ ಹೋಗಿದ್ದ ಹಮೀದ್ ತಿಳಿದಿದ್ದರು. ಹಳೆಯ ಫೈಲು ತೆಗೆದಾಗ ವಿಷಯ ಹೊರಬಿತ್ತು. ಭಾನುವಾರ ಬೆಳಿಗ್ಗೆ ಅಜ್ಜನನ್ನು ಜಾಫಿಲಿಯಾದ ಇಮಿಗ್ರೇಶನ್ ಕಚೇರಿಗೆ ಕರೆತರಬೇಕು, ತಾನು ಕಾಗದ ಸಿದ್ಧಮಾಡಿ ಅಲ್ಲೇ ಕಾಯುತ್ತೇನೆ. ಫೋನಿನಲ್ಲಿ ಹೇಳಿದರೆ ಅಜ್ಜ ನಂಬುವುದಿಲ್ಲ, ಅವರಿಗೆ ಪರಿಚಯದವರು ನೀವೊಬ್ಬರೇ ಎಂದರು ಹಮೀದ್.

ಅದು ಗುರುವಾರವಾದರೂ ವಲೇರಿಯನ್ ಬರುವ ವಾರವಲ್ಲ. ಮರುದಿನ, ಅಲ್ಲಿಯ ವಾರದ ರಜೆಯಾದ ಶುಕ್ರವಾರ, ಊದ್ ಮೇತಾದ ಇಗರ್ಜಿಗೆ ಹೋದೆ. ಪೂಜೆ ಮುಗಿದು ಜನ ಹೋದಮೇಲೂ ಬೆಂಚಿನಲ್ಲೇ ಕೂತಿದ್ದೆ. ನಾನು ಸುಮ್ಮನಿದ್ದರೆ ಸಾಕಿತ್ತು. ಎಂದಾದರೂ ಒಂದು ದಿನ ಅವರು ಸಿಕ್ಕಿಬೀಳುತ್ತಾರೆ. ಕಾಗದವಿಲ್ಲದವನ ಮಾತನ್ನು ಯಾರು ಕೇಳುತ್ತಾರೆ? ಅಥವಾ ಅವರ ಬಳಿಗೆ ಹೋಗಿ, ನೀವು ನನ್ನ ಬಗ್ಗೆ ಸುಮ್ಮನಿದ್ದರೆ ನಾನೂ ನಿಮ್ಮ ಬಗ್ಗೆ ಸುಮ್ಮನಿರುತ್ತೇನೆ ಎನ್ನಬಹುದಿತ್ತು. ಇದನ್ನೆಲ್ಲ ನಾನು ದೇವರ ಎದುರಲ್ಲೇ ಕೂತು ಯೋಚಿಸಿದೆ. ಅದನ್ನು ಮುಚ್ಚಿಡುವುದಿಲ್ಲ.

ಶನಿವಾರ ಬೆಳಿಗ್ಗೆ ಅಲ್ ಬರ್ಷಾಕ್ಕೆ ಹೋದೆ. ಅವರು ಬಾಗಿಲು ತೆರೆದು, ಬರಬೇಡಿ ಎಂದು ಹೇಳಲು ಬಾಯಿ ತೆರೆದರು. ನಿಮ್ಮ ಪಾಸ್‌ಪೋರ್ಟ್ ತನ್ನಿ ಸರ್ ಎಂದೆ. ನನ್ನ ಧ್ವನಿಯಲ್ಲಿ ಏನಿತ್ತೋ, ಏಕೆ ಎಂದು ಕೇಳದೆ ತಂದರು. ಮುದ್ರೆ ಬಿದ್ದ ಪುಟವನ್ನು ಹುಡುಕಿ ಮೇಜಿನ ಮೇಲೆ ಬಿಡಿಸಿ ಇಟ್ಟೆ. ಅವರು ಕನ್ನಡಕ ಹಾಕಿ ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಮುದ್ರೆ ನೋಡಿದರು. ಬೆರಳು ಮಡಿಸುತ್ತಾ ದಿನ ಎಣಿಸಿದರು, ತಪ್ಪಿತು, ಮೊದಲಿನಿಂದ ಎಣಿಸಿದರು. ಹೊಲದಲ್ಲಿ ಮುರಿದ ದಂಟುಗಳನ್ನು ಎಣಿಸಿದ ಮನುಷ್ಯನಿಗೆ ಅವತ್ತು ಲೆಕ್ಕ ಸಿಗಲಿಲ್ಲ. ಪಾಸ್‌ಪೋರ್ಟನ್ನು ಮುಚ್ಚಲು ಹೋದರೆ ಅದು ಕೆಳಗೆ ಬಿತ್ತು. ನಾನೇ ಎತ್ತಿ ಕೊಟ್ಟೆ.

ಜೈಲಿಗೆ ಹಾಕುತ್ತಾರೆಯೇ ಎಂದು ಕೇಳಿದರು. ಮುದುಕರನ್ನು ಹಾಕಲಿಕ್ಕಿಲ್ಲ, ದಂಡ ಕಟ್ಟಿಸಿಕೊಳ್ಳಬಹುದು ಎಂದೆ. ಅದು ನನಗೂ ಖಚಿತವಿರಲಿಲ್ಲ. ಆಮೇಲೆ ಅವರು ಬಹಳ ಮೆಲ್ಲಗೆ ಹೇಳಿದರು:

“ಈಗ ನಿಮಗೂ ಗೊತ್ತಾಯಿತು. ನನ್ನ ಕಾನೂನಿನ ಪ್ರಕಾರ ನೀವು ಹೋಗಿ ಹೇಳಬೇಕು.”

“ಹೇಳುವುದಕ್ಕೇ ಬಂದಿದ್ದೇನೆ, ನಿಮ್ಮ ಹತ್ತಿರ,” ಎಂದೆ. “ನಾಳೆ ಬೆಳಿಗ್ಗೆ ಏಳೂವರೆಗೆ ತಯಾರಾಗಿರಿ.”

ಜಾಫಿಲಿಯಾದ ಆ ಕಟ್ಟಡವನ್ನು ಬಸ್ಸಿನಲ್ಲಿ ದಾಟುವಾಗಲೂ ನಾನು ಅತ್ತ ನೋಡುತ್ತಿರಲಿಲ್ಲ. ಅವತ್ತು ಅದರ ಬಾಗಿಲಲ್ಲಿ ನನ್ನ ಕೈಚೀಲವನ್ನೇ ಯಂತ್ರದೊಳಗೆ ಇಟ್ಟೆ. ರಮ್ಜಾನ್ ಆದ್ದರಿಂದ ಕಚೇರಿಯ ಹೊತ್ತು ಕಡಿಮೆ, ಜನ ಜಾಸ್ತಿ. ಪೆಟ್ಟಿಗೆ ಕಟ್ಟಿಕೊಂಡು ಬಂದ ಕೂಲಿಯವರು, ಮಗು ಎತ್ತಿಕೊಂಡ ಹೆಂಗಸರು, ಗೋಡೆಗೊರಗಿ ಕಣ್ಣುಮುಚ್ಚಿದವರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ. ಮಿಸ್ಟರ್ ಹಾರ್ಗ್ರೋವ್ ಕೋಟು ಹಾಕಿ ಟೈ ಕಟ್ಟಿ ಬಂದಿದ್ದರು. ಆ ಸಾಲಿನಲ್ಲಿ ನಿಂತಾಗ ಅವರಿಗೆ ಕೆಮ್ಮು ಬಂತು. ಜೇಬಿನಿಂದ ಪೆಪ್ಪರಮಿಂಟ್ ತೆಗೆದರು. ಉಪವಾಸದ ಹೊತ್ತು, ಎಲ್ಲರೆದುರು ಬಾಯಿಗೆ ಹಾಕಬಾರದು ಎಂದು ನಾನು ತಲೆಯಾಡಿಸಿದೆ. ಗದರಿಸಿಕೊಂಡ ಮಗುವಿನಂತೆ ಅದನ್ನು ಒಳಗಿಟ್ಟು ಬಾಯಿಗೆ ಕರವಸ್ತ್ರ ಒತ್ತಿ ಕೆಮ್ಮಿದರು. ಹಮೀದ್ ಟೋಕನ್ ಹಿಡಿದು ಕೌಂಟರಿಗೂ ನಮಗೂ ನಡುವೆ ಓಡಾಡುತ್ತಿದ್ದರು.

ನಮ್ಮ ಸರದಿ ಬಂತು. ಕಂದೂರಾ ಎಂಬ ಬಿಳಿ ನಿಲುವಂಗಿ ಧರಿಸಿದ ಎಳೆಯ ಅಧಿಕಾರಿ, ಉಪವಾಸದಿಂದ ತುಟಿ ಒಣಗಿತ್ತು. ಮುದುಕರನ್ನು ನೋಡಿ ಮೊದಲು ಕುರ್ಚಿ ತರಿಸಿದರು. ಪಾಸ್‌ಪೋರ್ಟ್ ನೋಡಿದರು, ಆಸ್ಪತ್ರೆಯ ಚೀಟಿ ನೋಡಿದರು, ಹಮೀದರ ಜೊತೆ ಅರಬಿಯಲ್ಲಿ ಮಾತಾಡಿದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು.

“ಈ ಮೇಡಂ ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೇಳಿದ್ದು ನನ್ನನ್ನಲ್ಲ, ಕುರ್ಚಿಯಲ್ಲಿ ಕೂತ ಮುದುಕರನ್ನು.

ಹಮೀದರ ಮುಖದ ರಕ್ತ ಇಳಿದದ್ದನ್ನು ನಾನು ನೋಡಿದೆ. ಮಿಸ್ಟರ್ ಹಾರ್ಗ್ರೋವ್ ನನ್ನತ್ತ ತಿರುಗಿದರು. ನಾಲ್ಕು ದಿನದ ಹಿಂದೆ ನನ್ನ ಹೆಸರನ್ನೂ ಗಂಡನ ಹೆಸರನ್ನೂ ತಾವಾಗಿ ಹೇಳಿದ ಮನುಷ್ಯ. ಇವರು ಸತ್ಯ ಹೇಳುತ್ತಾರೆ ಎಂದು ನನಗೆ ಅನ್ನಿಸಿತು. ರಜೆ ಮುಗಿಸಿ ಶರಲ್ ಶಾಲೆಗೆ ಬಂದಾಗ ಅವಳ ಕೂದಲು ಹೆಣೆಯುವವರು ಯಾರು ಎಂಬ ಯೋಚನೆ ಬಂತು. ಬೇರೇನೂ ಬರಲಿಲ್ಲ.

“ಇವರು ನಮ್ಮ ಕುಟುಂಬಕ್ಕೆ ಪರಿಚಯದವರು,” ಎಂದರು ಅವರು. “ನನ್ನ ಮಗಳು ಊರಲ್ಲಿಲ್ಲ. ನಾನೊಬ್ಬನೇ ಬರಲು ಹೆದರಿದೆ. ಜೊತೆಗೆ ಬಂದಿದ್ದಾರೆ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೂವತ್ತು ವರ್ಷ ರಾಜಕೀಯ ಮಾಡಿದವರು. ಅಧಿಕಾರಿ ನನಗೆ ತಲೆಬಾಗಿ, ಹಿರಿಯರನ್ನು ನೋಡಿಕೊಳ್ಳುವುದು ಪುಣ್ಯದ ಕೆಲಸ ಎಂದು ಹೇಳಿ ಮುದ್ರೆ ಒತ್ತಿದರು. ದಂಡ ಕಟ್ಟಿ, ಡಾಕ್ಟರ ಚೀಟಿಯ ಮೇಲೆ ಇನ್ನೊಂದು ತಿಂಗಳಿಗೆ ಅನುಮತಿ ಪಡೆದು ಹೊರಬಂದೆವು.

ಟ್ಯಾಕ್ಸಿಯಲ್ಲಿ ಅವರು ಹಣೆಯನ್ನು ಗಾಜಿಗೆ ಒತ್ತಿ ಕೂತಿದ್ದರು. ಇಳಿಯುವಾಗ, ಹಮೀದನಿಗೆ ಮತ್ತೆ ಫೋನ್ ಮಾಡುವುದಿಲ್ಲ ಎಂದರು. ಕ್ಷಮಿಸಿ ಎನ್ನಲಿಲ್ಲ. ಮೇಲೆ ಬರಲು ಕರೆದರು, ನೋಟ್‌ಬುಕ್ಕುಗಳಿವೆ, ಎರಡು ಅಧ್ಯಾಯ ಉಳಿದಿದೆ ಎಂದರು. ನಾನು ಬರುವುದಿಲ್ಲ ಎಂದೆ. ನೋಟ್‌ಬುಕ್ಕುಗಳನ್ನು ಹಮೀದರ ಕೈಯಲ್ಲಿ ಕಳಿಸಿದರೆ ಮನೆಯಲ್ಲೇ ಟೈಪ್ ಮಾಡಿ ಕೊಡುತ್ತೇನೆ, ಪುಸ್ತಕದಲ್ಲಿ ಎಲ್ಲೂ ನನ್ನ ಹೆಸರು ಹಾಕಬೇಡಿ ಎಂದೆ. ಹಾಗೆಯೇ ಮಾಡಿದೆವು. ಅವರನ್ನು ಮತ್ತೆ ನೋಡಲಿಲ್ಲ. ಮಗಳು ಬಂದಮೇಲೆ ಅವರು ತಮ್ಮ ಊರಿಗೆ ಹೊರಟುಹೋದರು.

ಮುಂದಿನ ಗುರುವಾರ ಬಂದ ವಲೇರಿಯನ್ ಬಾಗಿಲ ಪಕ್ಕದ ಸೂಟ್‌ಕೇಸ್ ನೋಡಿ ಎಲ್ಲಿಗೆ ಹೊರಟಿದ್ದೀ ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ನೆಲದ ಮೇಲೆ ಕೂತರು. ಸೂಟ್‌ಕೇಸ್ ತೆರೆದು ಒಂದೊಂದೇ ಬಟ್ಟೆಯನ್ನು ತೆಗೆದು ಕಪಾಟಿನಲ್ಲಿ ಜೋಡಿಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಂದಿನ ವರ್ಷ ಹಮೀದರೇ ಓಡಾಡಿ ನನಗೆ ಒಂದು ಕಚೇರಿಯಲ್ಲಿ ಸರಿಯಾದ ಪರ್ಮಿಟ್ಟಿನ ಕೆಲಸ ಕೊಡಿಸಿದರು. ಕಾರ್ಡು ಕುತ್ತಿಗೆಯಲ್ಲಿ ನೇತಾಡುತ್ತಿದ್ದರೂ ಎಷ್ಟೋ ಕಾಲ ಕರೆಗಂಟೆ ಕೇಳಿಸಿದರೆ ನಾನು ಮೊದಲು ನೋಡುತ್ತಿದ್ದದ್ದು ಅಡಗಲು ಜಾಗ ಎಲ್ಲಿದೆ ಎಂದು.

ಎರಡು ವರ್ಷದ ಮೇಲೆ ಬೆತ್ ಹಮೀದರ ಕೈಯಲ್ಲಿ ಒಂದು ಪುಸ್ತಕ ಕಳಿಸಿಕೊಟ್ಟರು. ತಂದೆ ತೀರಿಕೊಳ್ಳುವ ಮೊದಲು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದ್ದಂತೆ. ನನ್ನ ಹೆಸರು ಎಲ್ಲೂ ಇರಲಿಲ್ಲ, ಮಾತು ಉಳಿಸಿಕೊಂಡಿದ್ದರು. ನಾನು ನೇರವಾಗಿ ಕಾನೂನಿನ ಅಧ್ಯಾಯ ತೆರೆದೆ. ಮೂರು ಕಲಮುಗಳು ಹಾಗೇ ಇದ್ದವು. ದಾಳಿ ಹಾಗೇ ಇತ್ತು. ಶೀತಲ ಕೋಣೆಯ ಹೆಂಗಸು ಅದೇ ಒಂದು ವಾಕ್ಯದಲ್ಲಿದ್ದಳು. ಅದರ ಕೆಳಗೆ ನಾನು ಬರೆದುಕೊಳ್ಳದ, ನಾನು ಟೈಪ್ ಮಾಡದ ನಾಲ್ಕು ಸಾಲುಗಳಿದ್ದವು.

‘ಮುಪ್ಪಿನಲ್ಲಿ ಒಂದು ಬೆಳಿಗ್ಗೆ ನಾನೂ ಸರಿಯಾದ ಕಾಗದವಿಲ್ಲದೆ ಪರದೇಶದ ಅಧಿಕಾರಿಯ ಎದುರು ನಿಂತೆ. ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ. ಆ ಕೋಣೆಯಲ್ಲಿದ್ದ ಹೆಂಗಸಿನ ಹೆಸರು ತಿಳಿಯಲು ಬರೆದು ವಿಚಾರಿಸಿದೆ, ದಾಖಲೆ ಸಿಗಲಿಲ್ಲ. ಆ ಮಸೂದೆ ಇಂದು ಮತ್ತೆ ಮತಕ್ಕೆ ಬಂದರೆ ನಾನು ಅದೇ ಮತ ಹಾಕುತ್ತೇನೆ.’

ಕೊನೆಯ ಸಾಲನ್ನು ಎರಡು ಸಲ ಓದಿದೆ. ಶರಲ್ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಮಮ್ಮಿ, ಯಾಕೆ ಅಳುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಳುತ್ತಿಲ್ಲ, ಸಿಟ್ಟು ಬಂದಿದೆ ಎಂದೆ. ಯಾರ ಮೇಲೆ ಎಂದಳು. ಸತ್ತುಹೋದ ಒಬ್ಬ ಮರ್ಯಾದಸ್ಥರ ಮೇಲೆ ಎಂದು ಹೇಳಿ, ಮುಖ ತೊಳೆಯಲು ಎದ್ದುಹೋದೆ.